ವರದಿ ಹೋಯಿತು, ಮಲೆನಾಡು ಉಳಿಯಿತೇ?

2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಲು ಕಸ್ತೂರಿರಂಗನ್ ವರದಿ ಆಧರಿಸಿ ಕೇಂದ್ರ ಹೊರಡಿಸಿದ್ದ ಕರಡು ಅಧಿಸೂಚನೆಯನ್ನು ತಿರಸ್ಕರಿಸಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಂದಿನಿಂದ ಒಂದು ಮಾತು ಬೇರೂರಿದೆ: ದಿಲ್ಲಿಯವರು ಎಳೆಯಹೊರಟಿದ್ದ ಗೆರೆ ಅಳಿಸಿಹೋಯಿತು, ಮಲೆನಾಡು ಬಚಾವಾಯಿತು. ಆಳುವ ಪಕ್ಷದ ವೇದಿಕೆಯಲ್ಲೂ ವಿರೋಧ ಪಕ್ಷದ ವೇದಿಕೆಯಲ್ಲೂ ಇದೇ ಮಾತು. ಬೇರೆ ಯಾವುದರಲ್ಲೂ ಒಂದಾಗದ ರಾಜಕಾರಣ ಇದೊಂದರಲ್ಲಿ ಒಂದಾಗಿದೆ. ಈ ಒಮ್ಮತವೇ ತಪ್ಪು ಎಂಬುದು ನನ್ನ ವಾದ. ಕರಡನ್ನು ತಿರಸ್ಕರಿಸಿದವರು ಅದರ ಜಾಗದಲ್ಲಿ ಏನನ್ನೂ ಇಟ್ಟಿಲ್ಲ. ಹೀಗೆ ಖಾಲಿ ಬಿಟ್ಟ ಜಾಗಕ್ಕೆ ಮೊದಲು ಕಾಲಿಡುವವನು ಎರಡೆಕರೆ ತೋಟದ ರೈತನಲ್ಲ. ಕ್ವಾರಿ ಮಾಲೀಕ, ರೆಸಾರ್ಟ್ ಕಟ್ಟುವವನು, ಸರ್ಕಾರದ್ದೇ ನಿಗಮ ಅಲ್ಲಿಗೆ ಅವನಿಗಿಂತ ಮೊದಲೇ ಬರುತ್ತವೆ.

ಎದುರು ವಾದವನ್ನು ಅದರ ಪೂರ್ತಿ ಬಲದೊಡನೆ ಹೇಳಬೇಕು. ಮಲೆನಾಡಿನವರು ತಲೆಮಾರುಗಳಿಂದ ಕಾಡಿನ ಜೊತೆ ಬದುಕಿದವರು. ಕಾಡು ಉಳಿದಿರುವುದೇ ಅವರಿಂದ. ಎಲ್ಲೋ ಕುಳಿತು ಉಪಗ್ರಹದ ಚಿತ್ರ ನೋಡಿ ಊರಿಗೆ ಊರನ್ನೇ 'ಪರಿಸರ ಸೂಕ್ಷ್ಮ' ಎಂದು ಬರೆದುಬಿಟ್ಟರೆ ನಾಳೆ ಮನೆ ಕಟ್ಟಲು, ತೋಟಕ್ಕೆ ಔಷಧಿ ಹೊಡೆಯಲು, ಕೊಟ್ಟಿಗೆಗೆ ಒಂದು ಮರ ಕಡಿಯಲು ಅರಣ್ಯ ಇಲಾಖೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಕೇಂದ್ರದ ಕಾನೂನು ಬೇಡ, ನಮ್ಮ ನೆಲದ ತೀರ್ಮಾನ ನಮಗೇ ಇರಲಿ. ವಾದ ಇಷ್ಟು. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮುಂದಿಟ್ಟುಕೊಂಡೇ ಉಳಿದರ್ಧ ಸುಳ್ಳನ್ನು ನಮಗೆ ಒಪ್ಪಿಸಲಾಗಿದೆ.

ಮೊದಲು ಕರಡಿನಲ್ಲಿ ಏನಿತ್ತು ಎಂದು ನೋಡೋಣ. 2014ರ ಮಾರ್ಚ್ 10ರಿಂದ 2024ರ ಜುಲೈ 31ರವರೆಗೆ ಕೇಂದ್ರ ಆರು ಬಾರಿ ಈ ಕರಡನ್ನು ಹೊರಡಿಸಿದೆ. ಕರ್ನಾಟಕದ 20,668 ಚದರ ಕಿ.ಮೀ. ಅದರ ವ್ಯಾಪ್ತಿಯಲ್ಲಿತ್ತು, ಈ ಮೂರು ತಾಲ್ಲೂಕುಗಳ ನೂರಾರು ಹಳ್ಳಿಗಳೂ ಅದರಲ್ಲಿದ್ದವು. ನಿಷೇಧದ ಪಟ್ಟಿಯಲ್ಲಿದ್ದವು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಹೊಸ ಕಾರ್ಖಾನೆ, 20,000 ಚದರ ಮೀಟರಿಗೂ ಮೀರಿದ ಕಟ್ಟಡ, ದೊಡ್ಡ ಟೌನ್‌ಶಿಪ್. ಇರುವ ಮನೆಯನ್ನು ದುರಸ್ತಿ ಮಾಡಲು, ವಿಸ್ತರಿಸಲು ಅಡ್ಡಿಯಿಲ್ಲ ಎಂದು ಕರಡಿನಲ್ಲೇ ಬರೆದಿತ್ತು. ಜಮೀನಿನ ಮಾಲೀಕತ್ವ ಬದಲಾಯಿಸಲೂ ಅಡ್ಡಿಯಿರಲಿಲ್ಲ. ಬೇಸಾಯ ನಿಷೇಧದ ಪಟ್ಟಿಯಲ್ಲಿರಲಿಲ್ಲ. ಹೊಳೆಗೆ ಕಟ್ಟುವ ಹೊಸ ಜಲವಿದ್ಯುತ್ ಯೋಜನೆಗಳು ಬೇಸಗೆಯಲ್ಲೂ ಕನಿಷ್ಠ ಶೇ 30ರಷ್ಟು ಹರಿವನ್ನು ಬಿಡಬೇಕು ಎಂಬ ಷರತ್ತು ಇತ್ತು. ಯೋಜನೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಂತೆ ಗ್ರಾಮಸಭೆಯ ಪೂರ್ವಾನುಮತಿ ಬೇಕೆಂಬ ಮಾತೂ ಇತ್ತು.

ಈ ಪಟ್ಟಿಯನ್ನು ಹೊಸನಗರದ ಒಬ್ಬ ಅಡಿಕೆ ಬೆಳೆಗಾರನ ಮುಂದೆ ಸಾಲು ಸಾಲಾಗಿ ಓದಿ, ಇದರಲ್ಲಿ ನಿನ್ನ ಹೊಟ್ಟೆಗೆ ಹೊಡೆಯುವುದು ಯಾವುದು ಎಂದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಅದರ ಬದಲು 'ಒಕ್ಕಲೆಬ್ಬಿಸುತ್ತಾರೆ' ಎಂಬ ಒಂದೇ ಮಾತನ್ನು ಊರೂರಿಗೆ ಹಂಚಲಾಯಿತು. ಕರಡು ಹೊರಬಂದು ಹತ್ತು ವರ್ಷವಾದರೂ ಅದನ್ನು ಸರಳ ಕನ್ನಡದಲ್ಲಿ, ಸರ್ವೆ ನಂಬರಿನ ಸಮೇತ, ಪ್ರತಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಓದಿಸುವ ಹೊಣೆಯನ್ನು ಯಾವ ಸರ್ಕಾರವೂ ಹೊತ್ತುಕೊಳ್ಳಲಿಲ್ಲ. ಓದದೇ ಇದ್ದ ಕಾಗದದ ಮೇಲೆ ಭಯ ಹುಟ್ಟಿಸುವುದು ಸುಲಭ.

ಆದರೂ ಆ ಭಯ ಬರಿಯ ಕಟ್ಟುಕತೆಯಲ್ಲ. ಮಲೆನಾಡಿನ ಸಣ್ಣ ಹಿಡುವಳಿದಾರನ ಕೈಯಲ್ಲಿ ಗಟ್ಟಿ ದಾಖಲೆಯಿಲ್ಲ. ಬಗರ್‌ಹುಕುಂ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ದೂಳು ಹಿಡಿದು ಕೂತಿರುತ್ತದೆ. ಅಜ್ಜ ಉತ್ತ ಗದ್ದೆ ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲೋ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯಲ್ಲೋ ಸೇರಿಕೊಂಡಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ ಬುಡಕಟ್ಟಿನವರಲ್ಲದ ಅರಣ್ಯವಾಸಿ 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ರುಜುವಾತು ಮಾಡಬೇಕು. ಅಷ್ಟು ಹಳೆಯ ಕಾಗದ ಕೂಲಿಕಾರನ ಮನೆಯಲ್ಲಿ ಎಲ್ಲಿಂದ ಬರಬೇಕು? ಇಂಥವನಿಗೆ 'ಪರಿಸರ' ಎಂಬ ಮಾತೇ ನೋಟಿಸಿನಂತೆ ಕೇಳಿಸಿದರೆ ತಪ್ಪು ಅವನದಲ್ಲ. ಆದರೆ ಅವನ ಹಕ್ಕನ್ನು ಇತ್ಯರ್ಥ ಮಾಡದೆ ನೇತಾಡಿಸಿದವರು ಯಾರು? ಸರ್ವೆ ಮಾಡಬೇಕಾದ ಕಂದಾಯ ಇಲಾಖೆ ರಾಜ್ಯದ್ದು, ಅರ್ಜಿ ವಿಲೇವಾರಿ ಮಾಡಬೇಕಾದ ಸಮಿತಿಗಳು ಇಲ್ಲಿಯವೇ, ಗಡಿ ಗುರುತಿಸಬೇಕಾದ ಅರಣ್ಯ ಇಲಾಖೆಯೂ ರಾಜ್ಯದ್ದೇ. ತಾವು ಮಾಡದೆ ಬಿಟ್ಟ ಕೆಲಸದಿಂದ ಹುಟ್ಟಿದ ಭಯವನ್ನು ದಿಲ್ಲಿಯ ಕಡೆಗೆ ತಿರುಗಿಸಿ, ಆಮೇಲೆ ಆ ದಿಲ್ಲಿಯಿಂದ ನಮ್ಮನ್ನು ಕಾಪಾಡಿದೆವೆಂದು ಹೇಳುವುದು ಜನದ್ರೋಹ.

'ನಮ್ಮ ತೀರ್ಮಾನ ನಮಗಿರಲಿ' ಎಂಬ ಮಾತಿನಲ್ಲಿ 'ನಾವು' ಯಾರು ಎಂಬ ಪ್ರಶ್ನೆಗೆ ಶರಾವತಿಯ ಚರಿತ್ರೆ ಉತ್ತರ ಹೇಳುತ್ತದೆ. ಈ ಹೊಳೆ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ನೆಲದಲ್ಲಿ ಹಿನ್ನೀರಾಗಿ ನಿಂತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸುಮಾರು 300 ಚದರ ಕಿ.ಮೀ. ನೆಲ ಮುಳುಗಿತು. ಆಮೇಲೆ ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಅಣೆಕಟ್ಟುಗಳು ಬಂದವು. ಹೊಸನಗರ ಮತ್ತೆ ಮತ್ತೆ ಮುಳುಗಿತು. ತೀರ್ಮಾನ ಬೆಂಗಳೂರಿನದು, ಬೆಳಕು ಇಡೀ ನಾಡಿನದು, ಮುಳುಗಡೆ ಮಾತ್ರ ಇಲ್ಲಿಯದು. ಆಗ ಈ ಊರುಗಳಲ್ಲಿ ಯಾವ ಗ್ರಾಮಸಭೆಯನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಹೇಳುವ ಕಾನೂನೂ ಇರಲಿಲ್ಲ.

ಮುಳುಗಡೆಯಾದವರಿಗೆ ಆಮೇಲೆ ಏನಾಯಿತು? ಪುನರ್ವಸತಿಗೆಂದು ಅವರನ್ನು ಕಾಡಿನ ನೆಲದಲ್ಲಿ ಇಳಿಸಲಾಯಿತು, ಹಕ್ಕುಪತ್ರ ಮಾತ್ರ ಕೈಗೆ ಬರಲಿಲ್ಲ. ದಶಕಗಳ ನಂತರ ರಾಜ್ಯ ಸರ್ಕಾರ ಆ ಅರಣ್ಯ ಭೂಮಿಯನ್ನು ಡಿನೋಟಿಫೈ ಮಾಡಿ ಆದೇಶಗಳನ್ನು ಹೊರಡಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಪೂರ್ವಾನುಮತಿ ಪಡೆಯದೆ ಹೊರಡಿಸಿದ್ದರಿಂದ 2021ರಲ್ಲಿ ಹೈಕೋರ್ಟು ಅಂಥ ಆದೇಶವನ್ನು ರದ್ದು ಮಾಡಿತು. ಸಂತ್ರಸ್ತರು ಮತ್ತೆ ಮೊದಲಿನ ಜಾಗದಲ್ಲೇ ನಿಂತರು. ಕೇಂದ್ರದ ಕಾನೂನನ್ನು ಪಕ್ಕಕ್ಕೆ ಸರಿಸಿದರೆ ಮಲೆನಾಡಿನವರಿಗೆ ನ್ಯಾಯ ಸಿಗುತ್ತದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ? ಕಾನೂನಿನ ದಾರಿಯಲ್ಲೇ ನಡೆದು, ಅನುಮತಿ ಕೇಳಿ, ಬದಲಿ ನೆಲ ತೋರಿಸಿದ್ದರೆ ಆ ಆದೇಶಗಳು ಇಂದು ನಿಲ್ಲುತ್ತಿದ್ದವು. ವೋಟಿನ ಅವಸರದಲ್ಲಿ ಹೊರಡಿಸಿದ ಆದೇಶ ಕೋರ್ಟಿನ ಮೆಟ್ಟಿಲಲ್ಲಿ ಬಿದ್ದುಹೋಯಿತು.

ಮೈಸೂರು ಕಾಗದ ಕಾರ್ಖಾನೆಯ ಕಥೆಯೂ ಬೇರೆಯಲ್ಲ. ನೆಡುತೋಪಿಗೆಂದು ಮಲೆನಾಡಿನ ಸಾವಿರಾರು ಹೆಕ್ಟೇರ್ ಕಾಡನ್ನು ರಾಜ್ಯ ಸರ್ಕಾರ ಅದಕ್ಕೆ 40 ವರ್ಷದ ಗುತ್ತಿಗೆಗೆ ಕೊಟ್ಟಿತ್ತು. ಕಾನು, ಬ್ಯಾಣಗಳಿದ್ದ ಕಡೆ ಅಕೇಶಿಯಾ ಎದ್ದು ನಿಂತಿತು. ಭದ್ರಾವತಿಯ ಆ ಕಾರ್ಖಾನೆ 2015ರಲ್ಲೇ ನಿಂತುಹೋಗಿತ್ತು. ಆದರೂ 2020ರಲ್ಲಿ ಗುತ್ತಿಗೆ ಮುಗಿದಾಗ ಸರ್ಕಾರ ಅದನ್ನು ಇನ್ನೂ 40 ವರ್ಷಕ್ಕೆ ವಿಸ್ತರಿಸಿತು. 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಜನ ಬೀದಿಗಿಳಿಯಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 2019ರ ಜುಲೈ 10ರಂದು, ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿರುದ್ಧ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿತ್ತು. ಈ ಯೋಜನೆಯಾಗಲಿ ಗುತ್ತಿಗೆಯಾಗಲಿ ದಿಲ್ಲಿಯಲ್ಲಿ ಹುಟ್ಟಿದ್ದಲ್ಲ. ಎರಡೂ ಹುಟ್ಟಿದ್ದು ವಿಧಾನಸೌಧದಲ್ಲಿ.

ಈಗ ಶರಾವತಿ ಪಂಪ್ಡ್ ಸ್ಟೋರೇಜ್. ಮೇಲಿನ ತಳಕಳಲೆ ಮತ್ತು ಕೆಳಗಿನ ಗೇರುಸೊಪ್ಪೆ ಜಲಾಶಯಗಳ ನಡುವೆ ಬೆಟ್ಟದ ಹೊಟ್ಟೆ ಕೊರೆದು, 2,000 ಮೆಗಾವಾಟ್ ಸಾಮರ್ಥ್ಯದ ನೆಲದಡಿಯ ವಿದ್ಯುದಾಗಾರ ಕಟ್ಟುವ ಯೋಜನೆ. ಹಗಲು ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ಎತ್ತಲು ಖರ್ಚಾಗುವ ವಿದ್ಯುತ್ ಸಿಗುವ ವಿದ್ಯುತ್ತಿಗಿಂತ ಹೆಚ್ಚು. ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. 1972ರಲ್ಲಿ 431 ಚದರ ಕಿ.ಮೀ. ಇದ್ದ ಅಭಯಾರಣ್ಯವನ್ನು 2019ರಲ್ಲಿ 930 ಚದರ ಕಿ.ಮೀ.ಗೆ ವಿಸ್ತರಿಸಿ, ಸಿಂಗಳೀಕದ ಹೆಸರಿಟ್ಟದ್ದು ಇದೇ ರಾಜ್ಯ. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ ಅದು. ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡಿದ್ದರೆ ಮಾತ್ರ ಬದುಕುತ್ತದೆ. ಅಲ್ಲಿ ಐವತ್ತಕ್ಕೂ ಹೆಚ್ಚು ಹೆಕ್ಟೇರ್ ಕಾಡನ್ನು ಬಿಟ್ಟುಕೊಡಿ ಎಂದು ಕೇಳುತ್ತಿರುವುದು ರಾಜ್ಯದ ವಿದ್ಯುತ್ ನಿಗಮ. 2024ರಲ್ಲಿ ಕೇಂದ್ರದ ಕರಡನ್ನು ಜನರ ಹೆಸರಿನಲ್ಲಿ ತಿರಸ್ಕರಿಸಿದ ಸರ್ಕಾರ, 2025ರಲ್ಲಿ ತನ್ನ ಯೋಜನೆಗೆ ಒಪ್ಪಿಗೆ ಕೊಡಿ ಎಂದು ಕೇಂದ್ರದ ವನ್ಯಜೀವಿ ಮಂಡಳಿಯ ಮುಂದೆ ಹೋಗಿ ತಾತ್ವಿಕ ಸಮ್ಮತಿ ಪಡೆಯಿತು. ಕಟ್ಟುಪಾಡು ಹಾಕುವಾಗ ದಿಲ್ಲಿ ಪರಕೀಯ, ಅನುಮತಿ ಕೊಡುವಾಗ ದಿಲ್ಲಿ ಆಪ್ತ. ಮಲೆನಾಡಿನವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಈ ಯೋಜನೆಯ ಬಗ್ಗೆ ಊರಿನವರಿಗೆ ಅಧಿಕೃತವಾಗಿ ಬಾಯಿ ತೆರೆಯಲು ಅವಕಾಶ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ ಸಾಗರ ತಾಲ್ಲೂಕಿನ ಕಾರ್ಗಲ್‌ನಲ್ಲಿ ಮತ್ತು ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ. ಜನ ಬಂದರು, ಬೇಡವೆಂದರು, ಅದು ದಾಖಲಾಯಿತು. ಆ ಸಭೆ ಯಾವ ಕಾನೂನಿನಿಂದ ಬಂತು? 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2006ರಲ್ಲಿ ಹೊರಟ ಪರಿಸರ ಪರಿಣಾಮ ಅಧಿಸೂಚನೆಯಿಂದ. ಯಾವ ಕಾಯ್ದೆಯ ಹೆಸರು ಕೇಳಿದರೆ ನಾವು ಬೆಚ್ಚುವಂತೆ ಮಾಡಲಾಗಿದೆಯೋ ಅದೇ ಕಾಯ್ದೆ ನಮ್ಮ ಕೈಗೆ ಮೈಕು ಕೊಟ್ಟಿತು. 1964ರಲ್ಲಿ ಮುಳುಗಿದವರಿಗೆ ಆ ಮೈಕು ಸಿಕ್ಕಿರಲಿಲ್ಲ.

ಮೇಲಿನವರ ಕಾನೂನು ಬೇಡ, ನಮ್ಮ ಹಿಡಿತ ನಮಗಿರಲಿ ಎಂಬ ಘೋಷಣೆಯನ್ನು ಒಂದು ದೇಶವೇ ನಂಬಿ ನೋಡಿದೆ. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂತು. ಒಕ್ಕೂಟದಲ್ಲಿದ್ದಾಗ ಹೊಳೆಗೆ ಕೊಳಚೆ ಬಿಟ್ಟ ವಿಷಯದಲ್ಲಿ ಯುರೋಪಿನ ನ್ಯಾಯಾಲಯ 2012ರಲ್ಲಿ ಬ್ರಿಟನ್ ಸರ್ಕಾರವನ್ನೇ ತಪ್ಪಿತಸ್ಥ ಎಂದಿತ್ತು. ಮಾತು ಕೇಳದ ಸದಸ್ಯ ದೇಶಕ್ಕೆ ದಂಡ ಹಾಕುವ ಅಧಿಕಾರವೂ ಅದಕ್ಕಿತ್ತು. ಹೊರಬಂದ ಮೇಲೆ ಬ್ರಿಟನ್ 2021ರಲ್ಲಿ ತನ್ನದೇ ಪರಿಸರ ಕಾಯ್ದೆ ಮಾಡಿತು, ಪರಿಸರ ಸಂರಕ್ಷಣಾ ಕಚೇರಿ ಎಂಬ ಕಾವಲು ಸಂಸ್ಥೆಯನ್ನೂ ಕಟ್ಟಿತು. ಆದರೆ ಅದಕ್ಕೆ ದಂಡ ಹಾಕುವ ಅಧಿಕಾರ ಕೊಡಲಿಲ್ಲ. ಜೇನುಹುಳುಗಳಿಗೆ ಮಾರಕವೆಂದು ಯುರೋಪ್ 2018ರಲ್ಲಿ ಬಯಲು ಬೇಸಾಯದಲ್ಲಿ ನಿಷೇಧಿಸಿದ್ದ ಕೀಟನಾಶಕಕ್ಕೆ ಬ್ರಿಟನ್ 2021ರಿಂದ 2024ರವರೆಗೆ ವರ್ಷವರ್ಷವೂ ತುರ್ತು ಪರವಾನಗಿ ಕೊಡುತ್ತ ಹೋಯಿತು. ಕೊಳಚೆಯ ವಿಷಯದಲ್ಲಿ ಸರ್ಕಾರವೂ ಅದರ ನಿಯಂತ್ರಕರೂ ಕಾನೂನು ಪಾಲಿಸಿಲ್ಲ ಎಂದು 2024ರ ಕೊನೆಗೆ ಆ ಕಾವಲು ಸಂಸ್ಥೆಯೇ ತೀರ್ಮಾನಕ್ಕೆ ಬಂತು. ಬ್ರಿಟನ್ ಕೊನೆಯ ಪಕ್ಷ ಒಂದು ಬದಲಿ ಕಾಯ್ದೆ ಬರೆದು, ಒಂದು ಕಾವಲು ಸಂಸ್ಥೆಯನ್ನಾದರೂ ಕೂರಿಸಿತು. ನಮ್ಮ ಸಚಿವ ಸಂಪುಟ ತಿರಸ್ಕಾರದ ಮರುದಿನ ಮಲೆನಾಡಿಗೆಂದು ಏನು ಬರೆಯಿತು? ಬೇಲಿ ಸರಿಯಿಲ್ಲವೆಂದು ಕಿತ್ತು ಬಿಸಾಡಿ, ಹೊಸ ಬೇಲಿ ಹಾಕದೆ ಮನೆಗೆ ಹೋದಂತೆ ಆಯಿತು.

ಹಾಗಾದರೆ ಆ ಕರಡನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕಿತ್ತೇ? ನಾನು ಹಾಗೆ ಹೇಳುತ್ತಿಲ್ಲ. ಕಸ್ತೂರಿರಂಗನ್ ಸಮಿತಿ ಊರನ್ನು ಮೇಲಿನಿಂದ ನೋಡಿತು. ಹಳ್ಳಿಯ ವಿಸ್ತೀರ್ಣದಲ್ಲಿ ಶೇ 20ರಷ್ಟು ಸಹಜ ಕಾಡು ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಸೊಪ್ಪಿನಬೆಟ್ಟ ಯಾವುದು, ಕಾನು ಯಾವುದು, ಮೀಸಲು ಅರಣ್ಯ ಯಾವುದು ಎಂಬ ಭೇದ ಉಪಗ್ರಹಕ್ಕೆ ತಿಳಿಯುವುದಿಲ್ಲ. ಸಾಗರದ ಬೆಳೆಗಾರನಿಗೆ ತಿಳಿಯುತ್ತದೆ. ಈ ಆಕ್ಷೇಪವನ್ನು ಮೊದಲು ಎತ್ತಬೇಕಾಗಿದ್ದವರು, ಎತ್ತಿದವರು, ಪರಿಸರದವರೇ. ಕಸ್ತೂರಿರಂಗನ್ ವರದಿಗೆ ಮುಂಚೆ 2011ರ ಆಗಸ್ಟ್‌ನಲ್ಲಿ ಮಾಧವ ಗಾಡ್ಗೀಳ್ ಸಮಿತಿ ಕೊಟ್ಟಿದ್ದ ವರದಿಯ ತಿರುಳೇ ಅದು: ಗಡಿ ಗುರುತಿಸುವ ಕೆಲಸ ಗ್ರಾಮಸಭೆಯಿಂದ ಶುರುವಾಗಲಿ, ಯಾವ ವಲಯದಲ್ಲಿ ಏನು ಬೇಕು ಏನು ಬೇಡ ಎಂಬುದನ್ನು ಊರವರು ಚರ್ಚಿಸಿ ಹೇಳಲಿ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ 25 ಗ್ರಾಮಸಭೆಗಳು ಗಣಿಗಾರಿಕೆಯ ಭಯದಿಂದ ತಾವಾಗಿಯೇ ತಮ್ಮ ಊರನ್ನು ಸೂಕ್ಷ್ಮ ಪ್ರದೇಶ ಮಾಡಿ ಎಂದು ನಿರ್ಣಯ ಮಾಡಿದವು. ಗಾಡ್ಗೀಳ್ ವರದಿಯನ್ನು ಕೇಂದ್ರ ಸರ್ಕಾರ ತಿಂಗಳುಗಟ್ಟಲೆ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ದಿಲ್ಲಿ ಹೈಕೋರ್ಟಿನ ತನಕ ಹೋದ ಮೇಲೆ 2012ರಲ್ಲಿ ಅದು ಹೊರಬಂತು. ಗ್ರಾಮಸಭೆಗೆ ಬಲ ಕೊಟ್ಟ ವರದಿಯನ್ನು ಮೊದಲು ಮೂಲೆಗುಂಪು ಮಾಡಿ, ಗಡಿ ಗುರುತಿಸುವಾಗ ಗ್ರಾಮಸಭೆಯನ್ನು ಮರೆತ ವರದಿಯನ್ನು ಆಮೇಲೆ ಜನರ ಹೆಸರಿನಲ್ಲಿ ಸುಟ್ಟರು. ಎರಡು ಸಲವೂ ಕೈತಪ್ಪಿದ್ದು ಗ್ರಾಮಸಭೆಯ ಅಧಿಕಾರ.

ಇನ್ನೊಂದು ವಾದವಿದೆ: ಕಾನೂನಿಲ್ಲದೆಯೂ ನಮ್ಮ ಹಿರಿಯರು ಕಾಡು ಉಳಿಸಿಲ್ಲವೇ? ಹಿರಿಯರು ಉಳಿಸಿದ್ದು ನಿಜ, ಕಟ್ಟುಪಾಡಿಲ್ಲದೆ ಉಳಿಸಿದರು ಎಂಬುದು ಸುಳ್ಳು. ಯಾರ ಬೆಟ್ಟ ಯಾರ ತೋಟಕ್ಕೆ, ಯಾವ ಮರದ ಸೊಪ್ಪು ತೆಗೆಯಬಹುದು, ಯಾವುದನ್ನು ಮುಟ್ಟಬಾರದು, ದೇವರ ಕಾಡಿನಿಂದ ಏನನ್ನು ತರಬಾರದು ಎಂಬುದೆಲ್ಲ ಗೊತ್ತಾಗಿದ್ದ ನಿಯಮ. ಮುರಿದವನು ಊರಿಗೆ ಉತ್ತರ ಹೇಳಬೇಕಿತ್ತು. ಇಂದು ಗುಡ್ಡದ ನೆತ್ತಿಯನ್ನು ಜೆಸಿಬಿಯಿಂದ ಬೋಳಿಸಿ ರೆಸಾರ್ಟ್ ಕಟ್ಟುವವನು ಈ ಊರಿನವನೇ ಅಲ್ಲದಿರಬಹುದು. ಜಂಬಿಟ್ಟಿಗೆ ಕ್ವಾರಿಯ ಗುಂಡಿ ತೋಡಿ ಬಿಟ್ಟು ಹೋದವನು, ತುಂಗೆಯ ಮರಳನ್ನು ರಾತ್ರಿ ಸಾಗಿಸುವವನು ಊರ ಪಂಚಾಯಿತಿಗೆ ಹೆದರುವುದಿಲ್ಲ. ಅವನನ್ನು ತಡೆಯಲು ಹಳೆಯ ಕಟ್ಟುಪಾಡಿನ ಜಾಗದಲ್ಲಿ ಬರೆದ ಕಾನೂನು ಬೇಕು.

ಬೇಡವೆಂದು ಕೂತರೆ ಬೆಲೆ ಯಾರು ತೆರುತ್ತಾರೆ? 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆ ಕಡಿದ ಗುಡ್ಡ ಕುಸಿಯಿತು. ಎರಡು ವಾರದ ನಂತರ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಅದೇ ವಾರ ಹೊರಬಂದ ಆರನೆಯ ಕರಡನ್ನು ನಮ್ಮ ಸರ್ಕಾರ ಎರಡು ತಿಂಗಳೊಳಗೆ ತಿರಸ್ಕರಿಸಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2019ರ ಬೇಸಗೆಯಲ್ಲಿ ಸಾಗರದ ಅರಳಗೋಡಿನಲ್ಲಿ ಮನೆ ಮನೆಯನ್ನು ನಡುಗಿಸಿತು. ಕಾಡು ಛಿದ್ರವಾದಷ್ಟೂ ಈ ಕಾಯಿಲೆ ಹರಡುವ ಉಣ್ಣೆಯೂ ಮನುಷ್ಯನೂ ಹತ್ತಿರವಾಗುತ್ತಾರೆ. ಎಲೆಚುಕ್ಕೆ ರೋಗ, ಕೊಳೆ ರೋಗದಿಂದ ತತ್ತರಿಸಿರುವ ಅಡಿಕೆ ತೋಟಕ್ಕೆ ನೀರು, ಸೊಪ್ಪು, ತಂಪು ಕೊಡುವುದು ಅದರ ಮೇಲಿರುವ ಬೆಟ್ಟವೇ. ಬೆಟ್ಟ ಹೋದ ಮೇಲೆ ತೋಟದ ಪಹಣಿ ಮಾತ್ರ ಉಳಿದು ಏನು ಪ್ರಯೋಜನ?

ಈ ನೆಲಕ್ಕೆ ಹೋರಾಟ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ರಾಮ ಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಚಳವಳಿ ಜಮೀನ್ದಾರರಿಗೆ ಬೇಡವೆಂದು ಹೇಳಿ ಮನೆಗೆ ಹೋಗಲಿಲ್ಲ. ಉಳುವವನಿಗೆ ಭೂಮಿ ಎಂಬ ಬೇಡಿಕೆಯನ್ನು ಹಿಡಿದೇ ಇತ್ತು. 1961ರ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ದೇವರಾಜ ಅರಸು ಸರ್ಕಾರ ತಿದ್ದುಪಡಿ ತಂದಾಗ ಗೇಣಿದಾರ ಒಡೆಯನಾದ. ಅವನನ್ನು ಕಾಪಾಡಿದ್ದು ಕಾಯ್ದೆಯ ಪುಟದಲ್ಲಿ ಅಚ್ಚಾದ ಹಕ್ಕು. ಆ ಪರಂಪರೆಯ ವಾರಸುದಾರರಾದ ನಾವು ಬರಿಯ 'ಬೇಡ'ಕ್ಕೆ ತೃಪ್ತರಾಗುವುದು ಕಾಗೋಡಿಗೆ ಮಾಡುವ ಅವಮಾನ.

ಆದ್ದರಿಂದ ಮಲೆನಾಡಿನ ಜನ ತಮ್ಮ ಶಾಸಕರನ್ನು, ಸಂಸದರನ್ನು ಹಿಡಿದು ಕೇಳಬೇಕಾದ್ದು ಇದು. ಕೇಂದ್ರದ ಕರಡು ಬೇಡವೆಂದಿರಿ. ಸರಿ, ರಾಜ್ಯದ್ದೇ ಮಲೆನಾಡು ಸಂರಕ್ಷಣಾ ಕಾಯ್ದೆ ತನ್ನಿ. ಅದರಲ್ಲಿ ಮೊದಲನೆಯ ಅಧ್ಯಾಯ ಜನರ ಹಕ್ಕಿನದಾಗಿರಲಿ: ಜಂಟಿ ಸರ್ವೆ ಮುಗಿಸಿ, ಬಗರ್‌ಹುಕುಂ ಮತ್ತು ಅರಣ್ಯ ಹಕ್ಕಿನ ಅರ್ಜಿಗಳನ್ನು ಇತ್ಯರ್ಥ ಮಾಡಿ, ಶರಾವತಿ ಸಂತ್ರಸ್ತರಿಗೆ ಕೋರ್ಟಿನಲ್ಲಿ ನಿಲ್ಲುವಂಥ ಹಕ್ಕುಪತ್ರ ಕೊಟ್ಟ ಮೇಲೆಯೇ ಗಡಿಯ ಮಾತು. ಗಡಿಯನ್ನು ಗ್ರಾಮಸಭೆ ಗುರುತಿಸಲಿ, ನಕ್ಷೆ ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲಿರಲಿ. ಕ್ವಾರಿ, ಲೇಔಟ್, ರೆಸಾರ್ಟ್, ಅಣೆಕಟ್ಟು, ಸುರಂಗ ಯಾವುದೇ ಬರಲಿ, ಗ್ರಾಮಸಭೆ ಬೇಡವೆಂದರೆ ಆ ಬೇಡಕ್ಕೆ ಕಾನೂನಿನ ಬಲವಿರಲಿ. ಸರ್ಕಾರದ ನಿಗಮಕ್ಕೂ ದಂಡ ಹಾಕಬಲ್ಲ ಸ್ವತಂತ್ರ ಪ್ರಾಧಿಕಾರವಿರಲಿ. ಇಂಥ ಕಾಯ್ದೆ ಬರುವ ತನಕ ಕೇಂದ್ರದ ಕಾನೂನುಗಳು ಕೊಟ್ಟಿರುವ ಅಹವಾಲು ಸಭೆ, ವನ್ಯಜೀವಿ ಅನುಮತಿ, ಅರಣ್ಯ ಅನುಮತಿಗಳ ತಡೆಯನ್ನು ಒಂದಿಷ್ಟೂ ಸಡಿಲಿಸಬಾರದು.

ಇಷ್ಟನ್ನು ಮಾಡಲು ಸಿದ್ಧರಿದ್ದವರು ಕರಡನ್ನು ತಿರಸ್ಕರಿಸಿದ್ದರೆ ಅವರೊಡನೆ ನಿಲ್ಲಲು ನಾನು ಮೊದಲಿಗನಾಗುತ್ತಿದ್ದೆ. ಮುಂದಿನ ಚುನಾವಣೆಯಲ್ಲಿ 'ವರದಿಯಿಂದ ನಿಮ್ಮನ್ನು ಕಾಪಾಡಿದವರು ನಾವು' ಎಂದು ಮತ ಕೇಳಲು ಬಂದವರ ಮುಂದೆ ಈ ಬೇಡಿಕೆಗಳನ್ನಿಟ್ಟು, ಯಾವುದನ್ನು ಎಂದು ಜಾರಿಗೆ ತರುತ್ತೀರಿ ಎಂದು ಕೇಳೋಣ. ಉತ್ತರವಿಲ್ಲದವರಿಗೆ ಮಲೆನಾಡಿನ ಹೆಸರಿನಲ್ಲಿ ಮತ ಕೇಳುವ ಅಧಿಕಾರವಿಲ್ಲ.